ಹಳೆಯ ಕಡತಗಳಲ್ಲಿ ಹೆಣ್ಣಿನ ಹೆಸರು

(ಮಹಿಳಾ ವಿಭಾಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂಗ್ಲೆಂಡಿನ ಊರುಗಳ ಹಳೆಯ ದಾಖಲೆಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ನಮ್ಮ ಕಾರ್ಯದರ್ಶಿಗಳು, "ಅದಕ್ಕೂ ನಮಗೂ ಏನು ಸಂಬಂಧ?" ಎಂದು ನಕ್ಕರು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ಡರ್ಬಿಷೈರ್‌ಗೆ ಹೋಗಿದ್ದೆ. ನನ್ನ ಇತಿಹಾಸದ ಹುಚ್ಚು ಗೊತ್ತಿದ್ದ ಅಳಿಯ, ಒಂದು ದಿನ ಮ್ಯಾಟ್ಲಾಕ್ ಊರಿನಲ್ಲಿರುವ ದಾಖಲೆ ಕಚೇರಿಗೆ ಕರೆದುಕೊಂಡು ಹೋದ. ಅಲ್ಲಿ ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಹೆಚ್ಚುಕಡಿಮೆ ಪ್ರತಿ ಕೌಂಟಿಗೂ ಇಂಥ ಕಚೇರಿ ಇದೆ. ಒಳಗೆ ಪೆನ್ನು ಬಳಸುವಂತಿಲ್ಲ, ಪೆನ್ಸಿಲ್ ಮಾತ್ರ. ಹಳೆಯ ಹಾಳೆಯ ಮೇಲೆ ಶಾಯಿ ಬಿದ್ದರೆ ತೆಗೆಯುವುದು ಹೇಗೆ? ಅಂದಿನಿಂದ ಹತ್ತಿದ ಈ ಗೀಳು ಊರಿಗೆ ಬಂದ ಮೇಲೂ ಬಿಟ್ಟಿಲ್ಲ.

ಎಲ್ಲಕ್ಕಿಂತ ಹಳೆಯದು ಡೂಮ್ಸ್‌ಡೇ ಪುಸ್ತಕ. ಒಂದನೇ ವಿಲಿಯಂ ದೊರೆ 1086ರಲ್ಲಿ ಮಾಡಿಸಿದ ಲೆಕ್ಕ ಅದು. ಯಾರಿಗೆ ಎಷ್ಟು ಭೂಮಿ, ಎಷ್ಟು ನೇಗಿಲು, ಎಷ್ಟು ಗಿರಣಿ ಎಂದು 13,000ಕ್ಕೂ ಹೆಚ್ಚು ಊರುಗಳ ವಿವರ ಲ್ಯಾಟಿನ್‌ನಲ್ಲಿದೆ. ನಮ್ಮ ಶಾನುಭೋಗರ ಕಡತ ಎಂದುಕೊಳ್ಳಿ. ಗಂಡಸರ ಹೆಸರುಗಳೇ ತುಂಬಿರುವ ಆ ಲೆಕ್ಕದಲ್ಲಿ ಬಕಿಂಗ್‌ಹ್ಯಾಮ್‌ಷೈರ್‌ನ ಓಕ್ಲಿ ಎಂಬ ಊರಿನ ಕೆಳಗೆ ಆಲ್ಫ್‌ಗಿತ್ ಎಂಬ ಕನ್ಯೆಯ ಹೆಸರಿದೆ. ಗಾಡ್ರಿಕ್ ಎಂಬ ಶೆರಿಫ್, ಅಂದರೆ ಕೌಂಟಿಯ ಅಧಿಕಾರಿ, ತನ್ನ ಮಗಳಿಗೆ ಚಿನ್ನದ ದಾರದ ಕಸೂತಿ ಕಲಿಸಲು ಆಕೆಗೆ ಒಂದಿಷ್ಟು ಭೂಮಿ ಬಿಟ್ಟುಕೊಟ್ಟಿದ್ದ. ನೋಡಿ, ಸುಮಾರು ಒಂಬೈನೂರ ನಲವತ್ತು ವರ್ಷದ ಹಿಂದಿನ ಒಬ್ಬ ಕಸೂತಿ ಟೀಚರ್! ಬರೆದವನಿಗೆ ಬೇಕಾಗಿದ್ದದ್ದು ಭೂಮಿಯ ಲೆಕ್ಕ. ಅದರ ನೆಪದಲ್ಲಿ ಈಕೆ ಉಳಿದುಕೊಂಡಳು.

1538ರಲ್ಲಿ, ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿ ಚರ್ಚಿನಲ್ಲೂ ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಆಜ್ಞೆ ಮಾಡಿದ. ಬಡವರ ಹೆಸರೂ ಪುಸ್ತಕಕ್ಕೆ ಬರತೊಡಗಿದ್ದು ಹೀಗೆ. ಡರ್ಬಿಷೈರ್‌ನಲ್ಲೇ ಈಮ್ ಎಂಬ ಹಳ್ಳಿಯಿದೆ. 1665ರಲ್ಲಿ ಲಂಡನ್ನಿನಿಂದ ಅಲ್ಲಿಯ ದರ್ಜಿಯ ಮನೆಗೆ ಬಂದ ಬಟ್ಟೆಯ ಜೊತೆ ಪ್ಲೇಗು ಬಂತು ಎನ್ನುತ್ತಾರೆ. ರೋಗ ಸುತ್ತಲಿನ ಊರಿಗೆ ಹರಡಬಾರದೆಂದು ಆ ಜನ ಹಳ್ಳಿ ಬಿಟ್ಟು ಹೊರಗೆ ಹೋಗಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡು, ತಾನೇ ಮನೆಯ ಬಳಿಯ ಹೊಲದಲ್ಲಿ ಅವರನ್ನು ಮಣ್ಣುಮಾಡಿದಳು. ಆ ಗೋರಿಗಳನ್ನು ಕಣ್ಣಾರೆ ನೋಡಿ ಬಂದೆ. ಸತ್ತವರ ಪಟ್ಟಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಆಕೆ ಬದುಕಿ ಉಳಿದವಳು, ಆಕೆಗೆ ಆ ಸಾಲೂ ಇಲ್ಲ.

ಇನ್ನು ಮದುವೆಯ ಪುಸ್ತಕ. 1754ರಿಂದ ವಧು-ವರರಿಬ್ಬರೂ ಅದರಲ್ಲಿ ಸಹಿ ಹಾಕಬೇಕಾಯಿತು. ಬರೆಯಲು ಬಾರದವರು ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದು ಗುರುತು ಹಾಕಿದರು. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಹಾಗೆ. 1840ರ ಸುಮಾರಿಗೂ ಅರ್ಧದಷ್ಟು ಮದುಮಗಳಂದಿರು ಹಾಕಿದ್ದು ಆ ಗುರುತನ್ನೇ. ಮುಂದಿನ ಪುಟಗಳಲ್ಲಿ ಆ ಹುಡುಗಿಯನ್ನು ಹುಡುಕಿದರೆ ತವರಿನ ಅಡ್ಡಹೆಸರು ಹೋಗಿರುತ್ತದೆ, ಗಂಡನದು ಬಂದಿರುತ್ತದೆ. ಎಷ್ಟೋ ಸಲ ಎರಡೂ ಒಟ್ಟಿಗೆ ಸಿಗುವುದು ಆ ಒಂದು ಸಾಲಿನಲ್ಲಿ ಮಾತ್ರ.

ಕೊನೆಯದು 1911ರ ಜನಗಣತಿ. ಮತದಾನದ ಹಕ್ಕು ಕೇಳುತ್ತಿದ್ದ ಹೆಂಗಸರು, "ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ, ಈಗ್ಯಾಕೆ ಎಣಿಸುತ್ತೀರಿ?" ಎಂದು ಅದನ್ನು ಬಹಿಷ್ಕರಿಸಿದರು. ಎಮಿಲಿ ಡೇವಿಸನ್ ಆ ರಾತ್ರಿ ಪಾರ್ಲಿಮೆಂಟ್ ಕಟ್ಟಡದ ಒಂದು ಕಪಾಟಿನಲ್ಲಿ ಅಡಗಿ ಕುಳಿತಳು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಫಾರಮ್ಮಿನ ಒಂದು ಪ್ರಶ್ನೆ. ಮದುವೆಯಾದ ಹೆಂಗಸಿಗೆ ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ಸತ್ತವರೆಷ್ಟು? ವಿಧವೆಯರು ಉತ್ತರ ಬರೆಯಬೇಕಾಗಿರಲಿಲ್ಲ. ಆದರೂ ಕೆಲವರು ಬರೆದರು. ಅಧಿಕಾರಿಗಳು ಅದನ್ನು ಗೀಟು ಹಾಕಿ ಹೊಡೆದರು. ಗೀಟಿನ ಕೆಳಗೆ ಅಂಕಿ ಇವತ್ತಿಗೂ ಓದಲು ಬರುತ್ತದೆ.

ಗೆಳತಿಯರೇ, ಈಗ ಕಾರ್ಯದರ್ಶಿಗಳ ಪ್ರಶ್ನೆಗೆ ಬರುತ್ತೇನೆ. ಆ ಮದುವೆಯ ಪುಸ್ತಕ ನೋಡಿ ಬಂದ ರಾತ್ರಿ ಮಗಳು ಕೇಳಿದಳು, "ಅಮ್ಮಾ, ನಿಮ್ಮ ಅಜ್ಜಿಯ ತವರಿನ ಹೆಸರೇನು?" ನಮ್ಮ ಧಾರವಾಡದ ಕಡೆ ಮದುವೆಯಲ್ಲಿ ಅಡ್ಡಹೆಸರಷ್ಟೇ ಅಲ್ಲ, ಇಟ್ಟ ಹೆಸರನ್ನೂ ಬದಲಾಯಿಸುತ್ತಿದ್ದರು. ನಮ್ಮ ಮನೆಯ ವಂಶವೃಕ್ಷದಲ್ಲಿ ಅಜ್ಜನ ಹೆಸರಿನ ಪಕ್ಕ "ಪತ್ನಿ" ಎಂದಷ್ಟೇ ಇದೆ. ನನಗೆ ಉತ್ತರ ಹೇಳಲಾಗಲಿಲ್ಲ. ಪರದೇಶದ ಹೆಂಗಸರ ಹೆಸರು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತ ಕೂತವಳು ನಾನು, ನನ್ನ ಅಜ್ಜಿಯ ಹೆಸರೇ ಗೊತ್ತಿಲ್ಲ!

ಮರುದಿನ ಅವ್ವನಿಗೆ ಫೋನ್ ಮಾಡಿದೆ. ಅವ್ವನಿಗೆ ಎಂಬತ್ತೆಂಟು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟ ದಿನ ಅದನ್ನ ಯಾರೂ ಕೇಳಿರಲಿಲ್ಲವಾ," ಎಂದಳು. ಆಮೇಲೆ ಹೇಳುತ್ತಲೇ ಹೋದಳು. ಹೆಸರು, ಊರು, ಹೆತ್ತ ಮಕ್ಕಳೆಷ್ಟು, ಉಳಿದವರೆಷ್ಟು. ಎಳವೆಯಲ್ಲೇ ಹೋದ ಮೂವರು ಸೋದರಮಾವಂದಿರು ನನಗಿದ್ದರೆಂದು ಗೊತ್ತಾದದ್ದು ಅವತ್ತೇ. ಈಗ ವಂಶವೃಕ್ಷದಲ್ಲಿ "ಪತ್ನಿ" ಎಂಬಲ್ಲಿ ಅಜ್ಜಿಯ ಎರಡೂ ಹೆಸರು ಬರೆದಿದ್ದೇನೆ.

ಹಾಗಾಗಿ ನನ್ನದೊಂದೇ ಕೋರಿಕೆ. ಊರು ಬಿಟ್ಟು ಇಷ್ಟು ದೂರ ಬಂದವರು ನಾವು. ನಮ್ಮ ಮಕ್ಕಳು ಯಾವ ಕಚೇರಿಯಲ್ಲಿ ಹುಡುಕಿದರೂ ಈ ಸಂಗತಿ ಸಿಗಲಾರದು. ಇವತ್ತು ಮನೆಗೆ ಹೋದ ಮೇಲೆ ಮನೆಯ ಹಿರಿಯ ಹೆಣ್ಣುಮಗಳನ್ನು ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೇಳಲು ಯಾರೂ ಉಳಿದಿಲ್ಲವಾದರೆ ನಿಮ್ಮದನ್ನೇ ಬರೆಯಿರಿ. ಪೆನ್ನಿನಲ್ಲೇ ಬರೆಯಿರಿ, ಇಲ್ಲಿ ಯಾರೂ ಬೇಡವೆನ್ನುವುದಿಲ್ಲ.