ಮುದ್ದೆ, ಬಸ್ಸಾರು ಸರಿ; ಪಲ್ಯ ಎಲ್ಲಿ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಮುದ್ದೆ ಇಲ್ಲದಿದ್ರೆ ಅದು ಊಟಾನೇ ಅಲ್ಲ. ಆದ್ರೆ ಮುದ್ದೆಯಲ್ಲಿ ಏನಿದೆ, ಏನಿಲ್ಲ?

ಪೋಷಕಾಂಶ ಎರಡು ಥರ. ಜಾಸ್ತಿ ಬೇಕಾದವು ಕಾರ್ಬೋಹೈಡ್ರೇಟ್, ಪ್ರೋಟೀನ್, ಕೊಬ್ಬು. ಚೂರೇ ಸಾಕು, ಆದ್ರೆ ಬೇಕೇಬೇಕು ಅನ್ನೋವು ವಿಟಮಿನ್, ಖನಿಜ. ಜೊತೆಗೆ ನೀರು, ನಾರು.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ 10ರ ಆಸುಪಾಸು. ನಾರೂ ಚೆನ್ನಾಗಿದೆ. ಆದ್ರೆ ಪ್ರೋಟೀನ್ ಬರೀ 7 ಗ್ರಾಂ. ಅದರಲ್ಲೂ ಲೈಸಿನ್ ಅನ್ನೋ ಅಮೈನೋ ಆಮ್ಲ ಕಡಿಮೆ. ಅದನ್ನ ತುಂಬಿಕೊಡೋದು ಕಾಳು. ಒಣ ಹುರುಳಿಕಾಳಿನಲ್ಲಿ ಪ್ರೋಟೀನ್ ಸುಮಾರು 22 ಗ್ರಾಂ.

ಈಗ ಬಸ್ಸಾರು ನೆನಪಿಸಿಕೊಳ್ಳಿ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ನೀರಲ್ಲಿ ಕರಗೋ ವಿಟಮಿನ್‌ಗಳು ಸ್ವಲ್ಪ ಕಟ್ಟಿಗೆ ಇಳೀತವೆ, ಪ್ರೋಟೀನ್ ಬಹುಪಾಲು ಪಲ್ಯದಲ್ಲೇ ಇರುತ್ತೆ. ಮುದ್ದೆನ ಸಾರಲ್ಲಿ ಅದ್ದಿ ನುಂಗಿ, ಪಲ್ಯ ತಟ್ಟೆ ಅಂಚಲ್ಲೇ ಬಿಟ್ರೆ? ಹೊಟ್ಟೆ ತುಂಬುತ್ತೆ, ಪ್ರೋಟೀನ್ ತಪ್ಪುತ್ತೆ.

ಇನ್ನು ಕಬ್ಬಿಣಾಂಶ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 48ರಷ್ಟು ಮಂದಿಗೆ ರಕ್ತಹೀನತೆ. ಇದಕ್ಕೆ ಕಬ್ಬಿಣಾಂಶದ ಕೊರತೆ ಒಂದು ದೊಡ್ಡ ಕಾರಣ. ರಾಗಿ, ಸೊಪ್ಪು, ಕಾಳಿನಲ್ಲಿ ಕಬ್ಬಿಣ ಇದ್ರೂ ದೇಹ ಹೀರಿಕೊಳ್ಳೋದು ಸ್ವಲ್ಪವೇ. ನಿಂಬೆಹಣ್ಣಿನ ವಿಟಮಿನ್ ಸಿ ಅದನ್ನ ಹೆಚ್ಚಿಸುತ್ತೆ. ಊಟದ ಹಿಂದೆಯೇ ಕುಡಿಯೋ ಟೀ, ಕಾಫಿ ತಡೆಯುತ್ತೆ.

ಹಾಗಾಗಿ ಇವತ್ತು ರಾತ್ರಿ ಮುದ್ದೆ ಸ್ವಲ್ಪ ಚಿಕ್ಕದಾಗಲಿ, ಪಲ್ಯ ಇನ್ನೊಂದು ಸೌಟು ಬೀಳಲಿ. ಮೇಲೆ ನಿಂಬೆ ಹಿಂಡಿ. ಟೀ ಬೇಕೇಬೇಕಾ? ಒಂದು ಗಂಟೆ ಬಿಟ್ಟು ಕುಡೀರಿ. ಸುಸ್ತು ಹೋಗ್ತಾನೇ ಇಲ್ಲ ಅಂದ್ರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ. ಮತ್ತೆ ಸಿಗೋಣ.