ಸೋರುವ ತಾರಸಿ, ಮಲೆನಾಡಿನ ಮಾಡು

(ಮಳೆಗಾಲಕ್ಕೆ ಮುನ್ನ ನಡೆದ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ಕೃಷಿ ವಿಜ್ಞಾನ ಓದಿದವನು ಜೀಪಿನ ಶೆಡ್ಡಿನ ಮಾಡಿನ ಕುರಿತು ಮಾತನಾಡುವುದು ನಿಮಗೆ ವಿಚಿತ್ರವೆನಿಸಬಹುದು. ಆದರೆ ಮಣ್ಣಿನ ಸವಕಳಿಯಾಗಲಿ, ಅಡಿಕೆಯ ಕೊಳೆರೋಗವಾಗಲಿ, ಎಲ್ಲದರ ಹಿಂದಿರುವುದು ನೀರಿನ ನಡೆಯೇ. ಸೋರುವ ತಾರಸಿಯ ಸಮಸ್ಯೆಯೂ ಅದೇ.

ಈಚಿನ ದಶಕಗಳಲ್ಲಿ ನಮ್ಮ ಮನೆಗಳ ಮಗ್ಗುಲಲ್ಲಿ ಚಪ್ಪಟೆ ತಾರಸಿಯ ಶೆಡ್ಡುಗಳು ಸಾಲಾಗಿ ಎದ್ದಿವೆ. ಇದು ಬಯಲುಸೀಮೆಯಿಂದ ಬಂದ ನಕ್ಷೆ. 12 ಅಡಿ ಅಗಲ, 18 ಅಡಿ ಉದ್ದದ ಶೆಡ್ಡನ್ನು ತೆಗೆದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 20 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆಗುಂಬೆಯಂತಹ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಮಳೆಯಾಗುತ್ತದೆ. ಅಂದರೆ ಆ ಪುಟ್ಟ ತಾರಸಿಯ ಮೇಲೆ 1,40,000 ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಅಷ್ಟು ನೀರು ಹರಿದುಹೋಗಬೇಕಾದದ್ದು ಒಂದೆರಡು ಕೊಳವೆಗಳ ಮೂಲಕ. ಅವುಗಳ ಬಾಯಿಯನ್ನೋ ತರಗೆಲೆ ಮುಚ್ಚಿರುತ್ತದೆ.

ನಿಂತ ನೀರು ಸುಮ್ಮನಿರುವುದಿಲ್ಲ. ಬೇಸಿಗೆಯ ಬಿಸಿಲಿಗೆ ಹಿಗ್ಗಿ, ರಾತ್ರಿಗೆ ಕುಗ್ಗಿದ ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಬಿರುಕುಗಳು ಮೂಡಿರುತ್ತವೆ. ನೀರು ಅಲ್ಲಿಂದ ಇಳಿದು ಕಬ್ಬಿಣದ ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣವು ಮೊದಲಿನ ಗಾತ್ರಕ್ಕಿಂತ ಹಲವು ಪಟ್ಟು ಉಬ್ಬಿ, ತಳದ ಕಾಂಕ್ರೀಟನ್ನು ಚಕ್ಕೆಚಕ್ಕೆಯಾಗಿ ಬೀಳಿಸುತ್ತದೆ. ಮೇಲೆ ಸಿಮೆಂಟಿನ ಹಾಲು ಬಳಿದರೆ ಒಂದು ಮಳೆಗಾಲ ಕಳೆಯಬಹುದು. ಬಿರುಕು ಚಲಿಸುತ್ತಲೇ ಇರುವುದರಿಂದ ಗಡಸು ಲೇಪ ಮತ್ತೆ ಒಡೆಯುತ್ತದೆ.

ಆದ್ದರಿಂದ ಮೊದಲು ಪರೀಕ್ಷೆ. ತಾರಸಿಯ ತಳವನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿರಿ. ಗಟ್ಟಿ ದನಿ ಬಂದು, ಎಲ್ಲಿಯೂ ತುಕ್ಕಿನ ಕಲೆ ಕಾಣದಿದ್ದರೆ ತಾರಸಿಯನ್ನು ಉಳಿಸಿಕೊಂಡು ಅದರ ಮೇಲೆ ಇಳಿಜಾರು ಮಾಡು ಕಟ್ಟಬಹುದು. ಆಗಲೂ ಮಾಡಿನ ಭಾರ ಗೋಡೆಗಳ ನೇರದಲ್ಲಿಯೇ ಇಳಿಯಬೇಕು. ತಾರಸಿಯ ನಡುವೆ ಕಂಬ ಊರಬಾರದು. ಟೊಳ್ಳು ದನಿ ಬಂದು, ಸರಳು ಹೊರಗೆ ಕಾಣುತ್ತಿದ್ದರೆ ಅದನ್ನು ತೆಗೆಯಲೇಬೇಕು. 20 ಚದರ ಮೀಟರಿನ, ನಾಲ್ಕಂಗುಲ ದಪ್ಪದ ತಾರಸಿ ಸುಮಾರು 5 ಟನ್ ತೂಗುತ್ತದೆ. ಅದನ್ನು ಕೆಡವುವ ಕೆಲಸವನ್ನು ಅನುಭವಿ ಮೇಸ್ತ್ರಿಗೆ ಬಿಡಿ. ಮಿಕ್ಕ ಕೆಲಸ ನಮ್ಮದು.

ಇಳಿಜಾರು 30 ಡಿಗ್ರಿಗಿಂತ ಕಡಿಮೆಯಾಗದಿರಲಿ. ಒಂದಡಿ ಅಡ್ಡ ಸಾಗಿದರೆ ಏಳಂಗುಲ ಏರಬೇಕೆಂಬ ಲೆಕ್ಕವನ್ನು ನೆನಪಿಡಿ. 12 ಅಡಿ ಅಗಲದ ಎರಡು ಮಗ್ಗುಲಿನ ಮಾಡಿಗೆ ನೆತ್ತಿಯ ತೊಲೆ ಮೂರೂವರೆ ಅಡಿ ಮೇಲಿರುತ್ತದೆ. ಸುತ್ತ ಒಂದೂವರೆ ಅಡಿ ಸೂರು ಬಿಟ್ಟರೆ ಗೋಡೆಗೆ ಎರಚಲು ತಾಗದು. ಆಗ ಹೊದಿಸಬೇಕಾದ ಜಾಗ ಸುಮಾರು 34 ಚದರ ಮೀಟರ್. ಚದರ ಮೀಟರಿಗೆ ಸುಮಾರು 15 ಮಂಗಳೂರು ಹಂಚು ಬೇಕು. ಒಡೆಯುವುದನ್ನೂ ಸೇರಿಸಿ 550 ಹಂಚು ತಂದಿಟ್ಟುಕೊಳ್ಳಿ. ರೀಪುಗಳ ನಡುವಿನ ಅಂತರವನ್ನು ಪುಸ್ತಕದಿಂದಲ್ಲ, ತಂದ ಹಂಚನ್ನೇ ಜೋಡಿಸಿ ಅಳೆಯಿರಿ. ಸೂರಿನಿಂದ ಹೊದಿಸುತ್ತ ನೆತ್ತಿಗೆ ಹೋಗಿ. ಗಾಳಿ ಹೊಡೆಯುವ ಅಂಚಿನ ಸಾಲುಗಳನ್ನು ತಂತಿಯಿಂದ ರೀಪಿಗೆ ಕಟ್ಟಿರಿ.

ಮರಕ್ಕಾಗಿ ಕಾಡಿನತ್ತ ನೋಡಬೇಡಿ. ಕೆಡವಿದ ಹಳೆಯ ಮನೆಗಳ ಪಕಾಸಿ, ತೊಲೆಗಳು ದೊರೆಯುತ್ತವೆ. ರೀಪಿಗೆ ಬಲಿತ ಅಡಿಕೆ ಮರದ ದಬ್ಬೆ ಸಾಕು. ಒಳಗಿನ ಮೆದುಭಾಗವನ್ನು ಪೂರ್ತಿ ಕೆತ್ತಿ ತೆಗೆದು ನೆರಳಿನಲ್ಲಿ ಒಣಗಿಸಬೇಕು. ಹುಳುವಿಗೆ ಆಹಾರವಾಗುವುದು ಆ ಭಾಗವೇ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದರೆ ಬಾಳಿಕೆ ಹೆಚ್ಚುತ್ತದೆ. ಈ ಲವಣಗಳು ಮಳೆನೀರಿಗೆ ತೊಳೆದುಹೋಗುವುದರಿಂದ ಸೂರಿನ ಹೊರಗೆ ಚಾಚಿದ ತುದಿಗಳಿಗೆ ಅದನ್ನು ನೆಚ್ಚಬೇಡಿ.

ಅಗ್ಗವೆಂದು ಆಸ್ಬೆಸ್ಟಾಸ್ ಶೀಟು ಹಾಕುವವರಿದ್ದಾರೆ. ಎಲ್ಲ ಬಗೆಯ ಆಸ್ಬೆಸ್ಟಾಸ್ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಯುರೋಪಿಯನ್ ಒಕ್ಕೂಟವು 2005ರಲ್ಲಿ ಅದನ್ನು ನಿಷೇಧಿಸಿತು. ಹಳೆಯ ಶೀಟು ಇದ್ದರೆ ಗರಗಸದಿಂದ ಕೊಯ್ಯಬೇಡಿ, ಒಡೆಯಬೇಡಿ. ನೀರಿನಿಂದ ತೋಯಿಸಿ, ಇಡಿಯಾಗಿ ಇಳಿಸಿ. ಅದರ ಮೇಲೆ ಕಾಲಿಡುವುದಂತೂ ಕೂಡದು. ಅದು ಮುರಿದು ಬಿದ್ದರೆ ಜೀವಕ್ಕೇ ಅಪಾಯ.

ಮಿತ್ರರೆ, ಮಂಗಳೂರು ಹಂಚು ಕೂಡ ಹೊರಗಿನಿಂದ ಬಂದ ವಿದ್ಯೆಯೇ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಮೊದಲ ಕಾರ್ಖಾನೆ ತೆರೆದರು. ನಮ್ಮ ಮಳೆಗೆ ಒಗ್ಗಿದ್ದರಿಂದ ಅದು ನಮ್ಮದಾಯಿತು. ಹೊಸದೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ದುರಸ್ತಿ ನಮ್ಮ ಕೈಯಲ್ಲಿರಬೇಕೆಂಬುದಷ್ಟೇ ನನ್ನ ವಾದ. ಹಂಚೊಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ತಾರಸಿಯಲ್ಲಿ ಆ ಸೌಲಭ್ಯವಿಲ್ಲ.

ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವ ಕೆಲಸವನ್ನು ಬಲ್ಲವರು ಊರಿನಲ್ಲಿ ಈಗ ಬೆರಳೆಣಿಕೆಯಷ್ಟಿದ್ದಾರೆ. ಅವರೆಲ್ಲ ವಯಸ್ಸಾದವರು. ವಿದ್ಯಾರ್ಥಿಗಳು ಈ ಮೇ ತಿಂಗಳಲ್ಲಿಯೇ ಅವರ ಜೊತೆ ಏಣಿ ಹಿಡಿದು ನಿಲ್ಲಿರಿ. ಒಂದು ವಾರ ಒಬ್ಬರ ಶೆಡ್ಡು, ಮರುವಾರ ಇನ್ನೊಬ್ಬರದು ಎಂದು ಮುಯ್ಯಾಳಿನ ಲೆಕ್ಕದಲ್ಲಿ ಕೆಲಸ ಹಂಚಿಕೊಂಡರೆ ಕೂಲಿಯ ಹೊರೆಯೂ ಇಳಿಯುತ್ತದೆ, ವಿದ್ಯೆಯೂ ಉಳಿಯುತ್ತದೆ. ಆರಿದ್ರಾ ಮಳೆ ಹಿಡಿಯುವ ಮುನ್ನ ಎಷ್ಟು ಮಾಡುಗಳು ಮುಗಿದವೆಂಬ ವರದಿಯನ್ನು ನೀವೇ ಬರೆದು ಕಳುಹಿಸಬೇಕೆಂದು ಕೋರುತ್ತ ನನ್ನ ಮಾತನ್ನು ಮುಗಿಸುತ್ತೇನೆ.