ಹಳಿ ಕಾಯುವ ಯಂತ್ರ, ಹಳಿ ಕಾಯುವ ಮನುಷ್ಯ

ಸಂಗಾತಿಗಳೇ, ಗಾಡಿ ಓಡಿದಷ್ಟೂ ಸ್ಲೀಪರಿನಡಿಯ ಜಲ್ಲಿ ಸಡಿಲಾಗುತ್ತದೆ. ಹಿಂದೆ ಗ್ಯಾಂಗಿನವರು ಸಾಲಾಗಿ ನಿಂತು, ಬೀಟರಿನಿಂದ ಬಡಿಬಡಿದು ಅದನ್ನು ಗಟ್ಟಿ ಮಾಡುತ್ತಿದ್ದರು. ಅಂಗೈಯ ಬೊಬ್ಬೆ ಏನೆಂದು ಗಿರಣಿಯವರಾದ ನಿಮಗೆ ಹೇಳಬೇಕೆ? 1945ರಲ್ಲಿ ಸ್ವಿಟ್ಜರ್ಲೆಂಡಿನ ಮಟೀಸಾ, 1953ರಲ್ಲಿ ಆಸ್ಟ್ರಿಯದ ಪ್ಲಾಸರ್ ಕಂಪನಿಗಳು ಹುಟ್ಟಿ ಈ ಕೆಲಸಕ್ಕೆ ಯಂತ್ರ ಕಟ್ಟಿದವು. 1960ರ ದಶಕದಲ್ಲಿ ಅಂಥವು ನಮ್ಮ ಹಳಿಗೂ ಇಳಿದವು. ಅದರ ಉಕ್ಕಿನ ಬೆರಳುಗಳು ಜಲ್ಲಿಗಿಳಿದು, ಸೆಕೆಂಡಿಗೆ ಸುಮಾರು 35 ಸಲ ಅದುರುತ್ತಾ, ಎರಡೂ ಕಡೆಯಿಂದ ಜಲ್ಲಿಯನ್ನು ಸ್ಲೀಪರಿನಡಿಗೆ ಒತ್ತುತ್ತವೆ. 250 ಕಿಲೋ ಮೀರಿದ ಕಾಂಕ್ರೀಟ್ ಸ್ಲೀಪರು ಬಂದ ಮೇಲಂತೂ ಬರಿಗೈಯಿಂದ ಸಾಗುವಂತಿರಲಿಲ್ಲ. ಯಂತ್ರವನ್ನು ನಾವು ದೂರುವುದಿಲ್ಲ. ಆದರೆ ಸುತ್ತಿಗೆ, ಸ್ಪ್ಯಾನರು ಹೊತ್ತ ಕೀಮ್ಯಾನ್ ಇಂದಿಗೂ ಹಳಿಗುಂಟ ಒಬ್ಬನೇ ನಡೆಯುತ್ತಾನೆ. ಬೆನ್ನ ಹಿಂದೆ ಬಂದ ಗಾಡಿಗೆ ಸಿಕ್ಕಿ ಸಾಯುವವರು ಇನ್ನೂ ಇದ್ದಾರೆ. ಯಂತ್ರಕ್ಕೆ ಕೋಟಿಗಟ್ಟಲೆ ಸುರಿಯುವ ಸರ್ಕಾರ, ಗಾಡಿ ಬರುವ ಸುಳಿವು ಕೊಡುವ ಸಣ್ಣ ಸಾಧನವನ್ನು ಅಂಥ ಪ್ರತಿಯೊಬ್ಬನ ಕೈಗೂ ಕೊಡಲಿ ಎಂದು ನಾವು ಕೇಳುತ್ತಿದ್ದೇವೆ.